ಗಾಡಿ ಎತ್ತರಿಸುವ ಕೆಲಸ ನಾವೇ ಮಾಡಿಕೊಳ್ಳಬಹುದಾ?

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಪ್ರಶ್ನೆ: ಸಾರ್, ನನ್ನ ಹತ್ತಿರ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ಫೋರ್ ಬೈ ಫೋರ್ ಪಿಕಪ್ ಇದೆ. 2019ರ ಗಾಡಿ, ಟೈರು 255/60 ಆರ್18. ವಾರವೆಲ್ಲ ಉತ್ತರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ. ಆಗಾಗ ಸಕಲೇಶಪುರದ ಹತ್ತಿರ ಮಾವನವರ ಕಾಫಿ ತೋಟಕ್ಕೆ ಹೋಗುತ್ತೇನೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಹಳ್ಳ ಬಿದ್ದಿರುತ್ತದೆ, ಗಾಡಿಯ ಅಡಿ ತಗಲುತ್ತದೆ. ಗಾಡಿ ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್ ತರಿಸೋಣ ಅಂದುಕೊಂಡಿದ್ದೇನೆ. ಅಂಗಡಿಯವರು ಕೂರಿಸುವುದಕ್ಕೆ ಹೇಳಿದ ಕೂಲಿ ಕೇಳಿ ಬೇಜಾರಾಯಿತು. ಒಳ್ಳೆಯ ಸ್ಪ್ಯಾನರ್ ಸೆಟ್, ಎರಡು ಟನ್ನಿನ ಟ್ರಾಲಿ ಜಾಕ್ ಇದೆ. ಆಯಿಲ್, ಬ್ರೇಕ್ ಪ್ಯಾಡ್ ನಾನೇ ಬದಲಾಯಿಸುತ್ತೇನೆ. ಭಾಮೈದ ಕೈ ಜೋಡಿಸುತ್ತೇನೆ ಅಂದಿದ್ದಾನೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಶನಿವಾರ, ಭಾನುವಾರದಲ್ಲಿ ಮುಗಿಸಬಹುದಾ?
– ಓದುಗರೊಬ್ಬರು, ಉತ್ತರಹಳ್ಳಿ

ಉತ್ತರ: ಹಿಂದಿನ ಚಕ್ರಗಳ ಕಡೆಯ ಕೆಲಸ ನೀವೇ ಮಾಡಿ. ಮುಂದಿನ ಚಕ್ರಗಳ ಕಡೆಯದ್ದು ಅರ್ಧ ಮಾಡಿ. ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಕೋನ ಸರಿಮಾಡುವ ಕೆಲಸಕ್ಕೆ, ಕೈ ಹಾಕಬೇಡಿ. ಇದು ನನ್ನ ಉತ್ತರ. ಆದರೆ ಕಿಟ್‌ಗೆ ದುಡ್ಡು ಕಟ್ಟುವ ಮೊದಲು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಒಂದು ಸಲ ಮಲಗಿ ನೋಡಿ.

"ಅಡಿ ತಗಲುತ್ತದೆ" ಅಂದಿದ್ದೀರಿ. ಯಾವ ಅಡಿ? ಇದನ್ನು ಹೇಳದೆ ಎಷ್ಟೋ ಜನ ನಮ್ಮ ಶೆಡ್ಡಿಗೆ ಬಂದು ಲಿಫ್ಟ್ ಮಾಡಿಕೊಡಿ ಅನ್ನುತ್ತಾರೆ. ನಿಮ್ಮ ಗಾಡಿಗೆ ಮುಂದೆ ಎರಡು ಚಕ್ರಕ್ಕೂ ಬೇರೆ ಬೇರೆ ಆರ್ಮ್, ಕಾಯಿಲ್ ಸ್ಪ್ರಿಂಗ್. ಹಿಂದೆ ಮಾತ್ರ ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳ ಕಟ್ಟು. ಲಿಫ್ಟ್ ಕಿಟ್ ಹಾಕಿದರೆ ಚಾಸಿ ಮೇಲೆ ಹೋಗುತ್ತದೆ, ಬಂಪರ್ ಮೇಲೆ ಹೋಗುತ್ತದೆ, ಬಾಗಿಲ ಕೆಳಗಿನ ಮೆಟ್ಟಿಲು ಮೇಲೆ ಹೋಗುತ್ತದೆ. ಹಿಂದಿನ ಆಕ್ಸಲ್ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್ ಹೌಸಿಂಗ್, ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ. ಅದು ಚಕ್ರದ ಜೊತೆಗೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ.

ಟ್ರ್ಯಾಕ್ಟರ್ ದಾರಿಯಲ್ಲಿ ಎರಡು ಹಳ್ಳದ ನಡುವೆ ಉಳಿಯುವ ದಿಬ್ಬ ಸಾಮಾನ್ಯವಾಗಿ ಈ ಹೌಸಿಂಗ್‌ಗೇ ಉಜ್ಜುವುದು. ನೋಡಿ, ಅಲ್ಲಿ ಪೇಂಟ್ ಹೋಗಿ ಕಬ್ಬಿಣ ಹೊಳೆಯುತ್ತಿದ್ದರೆ ನಿಮ್ಮ ಕಿಟ್ ದುಡ್ಡು ದಂಡ. 255/60 ಆರ್18 ಟೈರಿನ ಎತ್ತರ ಸುಮಾರು 763 ಮಿಲಿಮೀಟರ್. 265/65 ಆರ್18 ಆದರೆ 802 ಹತ್ತಿರ. ಇವುಗಳ ವ್ಯತ್ಯಾಸದ ಅರ್ಧ, ಅಂದರೆ 19 ಮಿಲಿಮೀಟರ್ ಆಕ್ಸಲ್ ಮೇಲೆ ಬರುತ್ತದೆ. ಆಗ ಸ್ಪೀಡೋಮೀಟರ್ ಈಗ ತೋರಿಸುವುದಕ್ಕಿಂತ ಶೇಕಡ 5ರಷ್ಟು ಕಡಿಮೆ ತೋರಿಸುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್ ಒಳಗೆ ಉಜ್ಜುತ್ತದೆಯಾ ಅಂತಲೂ ನೋಡಬೇಕು. ಬದಲಿಗೆ ಮುಂದಿನ ಬಂಪರ್, ಮೆಟ್ಟಿಲು, ಹಿಂದಿನ ಟೋ ಹುಕ್ ಇಂಥವು ತಗಲುತ್ತಿದ್ದರೆ ಆಗ ಲಿಫ್ಟ್ ಮಾತು ಸರಿ.

ಇನ್ನೊಂದು ಅಳತೆ. ಪೆಟ್ರೋಲ್ ಬಂಕಿನ ಸಪಾಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ನಾಲ್ಕೂ ಚಕ್ರದ ನಡುಭಾಗದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಒಂದು ಕಡೆ ಸ್ಪ್ರಿಂಗ್ ಕೂತಿದೆ ಅಂತ ಅರ್ಥ. ಇಷ್ಟು ವರ್ಷ ಹಂಪ್‌ಗಳ ಮೇಲೆ ಹತ್ತಿ ಇಳಿದ ಗಾಡಿ, ಸಾಮಾನು ಬೇರೆ ಹೊತ್ತಿದೆ. ಕೂತಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದರೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಹಾಕಿಸಿದರೇ ಕಳೆದುಕೊಂಡ ಎತ್ತರ ವಾಪಸ್ ಬರುತ್ತದೆ. ಕಾನೂನಿನ ತಲೆನೋವೂ ಇಲ್ಲ.

ಕಾನೂನು ಅಂದೆ ಅಲ್ವಾ, ಅದನ್ನೂ ಹೇಳಿಬಿಡುತ್ತೇನೆ. ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಮಾಲೀಕ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಆಯಿತು. ಟೈರಿನ ಅಳತೆ ಬದಲಾದರೆ ಅದೂ ಪ್ರಶ್ನೆಗೆ ಬರಬಹುದು. ರಸ್ತೆಯಲ್ಲಿ ಎಷ್ಟೋ ಎತ್ತರದ ಗಾಡಿಗಳು ಆರಾಮಾಗಿ ಓಡಾಡುತ್ತಿವೆ, ನನಗೂ ಕಾಣುತ್ತದೆ. ನನ್ನ ಚಿಂತೆ ದಂಡದ್ದಲ್ಲ, ಇನ್ಶೂರೆನ್ಸಿನದ್ದು. ಅಪಘಾತವಾದ ಮೇಲೆ ಸರ್ವೇಯರ್ ಬಂದು ಗಾಡಿಯ ಕೆಳಗೆ ಬಗ್ಗಿ ನೋಡುತ್ತಾನೆ. ಆ ದಿನ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಕಿಟ್ ತರಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಬರೆದು ಕೇಳಿ, ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ನಿಮ್ಮ ಆರ್‌ಟಿಓ ಕಚೇರಿಯಲ್ಲೂ ವಿಚಾರಿಸಿ. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ಇಷ್ಟೆಲ್ಲ ದಾಟಿ ಬಂದಿರಿ ಅಂತಿಟ್ಟುಕೊಳ್ಳೋಣ. ಈಗ ಕೆಲಸದ ಮಾತು.

ಮೊದಲು ಜಾಗ. ಬೇಸ್‌ಮೆಂಟ್ ಅಂದಿರಿ. ಅಸೋಸಿಯೇಷನ್‌ನವರ ಮಾತು ಆಮೇಲೆ. ಅಲ್ಲಿನ ನೆಲ ಎಂಥದ್ದು? ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಹೊರಗಡೆ ಆದರೆ ಇಂಟರ್‌ಲಾಕ್ ಟೈಲ್ಸ್, ಅದು ಜಾಕ್ ಸ್ಟ್ಯಾಂಡಿನ ಕಾಲಿಗೆ ಕುಸಿಯುತ್ತದೆ. ನಿಮ್ಮ ಗಾಡಿ ಖಾಲಿ ಇದ್ದರೂ ಸುಮಾರು ಎರಡು ಟನ್ ತೂಗುತ್ತದೆ. ಸಪಾಟಾದ ಗಟ್ಟಿ ಕಾಂಕ್ರೀಟ್ ನೆಲ ಬೇಕು. ಒಂದೊಂದೂ ಮೂರು ಟನ್ ತಡೆಯುವ ನಾಲ್ಕು ಸ್ಟ್ಯಾಂಡ್ ಬೇಕು. ನಿಮ್ಮ ಪಟ್ಟಿಯಲ್ಲಿ ಸ್ಟ್ಯಾಂಡ್ ಹೆಸರೇ ಇಲ್ಲ, ಅದಕ್ಕೇ ನನಗೆ ಸ್ವಲ್ಪ ಭಯವಾಯಿತು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸೈಟಿನಲ್ಲಿ ಬಿದ್ದಿರುವ ಹಾಲೋ ಬ್ಲಾಕ್ ಜೋಡಿಸಿ ಗಾಡಿ ನಿಲ್ಲಿಸುವವರನ್ನು ಈ ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ಬ್ಲಾಕ್ ಮೊದಲು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಂದೇ ಸಲ ಪುಡಿಯಾಗುತ್ತದೆ. ಅದರ ಮೇಲೆ ನಿಂತ ಗಾಡಿ ಕೆಳಗೆ ಭಾಮೈದನನ್ನು ಕಳಿಸಬೇಡಿ.

ಸ್ಟ್ಯಾಂಡ್, ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್ ಎರಡನ್ನೂ ಕೊಳ್ಳುವ ಖರ್ಚು ಬರೆಯಿರಿ. ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೆಲೆ ಗೊತ್ತಾಗುತ್ತದೆ. ಅದಕ್ಕೆ ಅಲೈನ್‌ಮೆಂಟ್ ಖರ್ಚು ಸೇರಿಸಿ. ಈ ಮೊತ್ತವನ್ನೂ ಅಂಗಡಿಯ ಕೂಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಳಿತಾಯ ಅಂದುಕೊಂಡದ್ದು ಎಷ್ಟೋ ಸಲ ಅಲ್ಲೇ ಕರಗುತ್ತದೆ. ಸಾಮಾನು ಕೈಯಲ್ಲಿ ಉಳಿಯುತ್ತದೆ, ಮುಂದೂ ಬಳಸುತ್ತೇನೆ ಅನ್ನುವವರಾದರೆ ಅದು ಬೇರೆ ಲೆಕ್ಕ.

ಹಿಂದಿನ ಲೀಫ್ ಸ್ಪ್ರಿಂಗ್ ಕೆಲಸ ಭಾರ, ಆದರೆ ಮೋಸವಿಲ್ಲದ್ದು. ನಾನು ಕೆಲಸ ಕಲಿತದ್ದು ಕಲಾಸಿಪಾಳ್ಯದ ಲಾರಿ ಶೆಡ್ಡಿನಲ್ಲಿ. ಹುಡುಗರ ಕೈಗೆ ಮೊದಲು ಕೊಡುತ್ತಿದ್ದದ್ದೇ ಈ ಕೆಲಸ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಆಕ್ಸಲ್ ಅಡಿಗೆ ಜಾಕ್ ಕೊಡಿ. ಶಾಕ್ ಅಬ್ಸಾರ್ಬರ್ ಬಿಚ್ಚಿ, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿರುವ ಯು-ಬೋಲ್ಟ್ ಬಿಚ್ಚಿ, ಆಕ್ಸಲನ್ನು ನಿಧಾನವಾಗಿ ಇಳಿಸಿ. ಇಳಿಸುವಾಗ ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಮೂರರ ಮೇಲೂ ಕಣ್ಣಿರಲಿ. ಬಿಗಿಯಾದರೆ ತಕ್ಷಣ ನಿಲ್ಲಿಸಿ. ಒಂದು ಸಲಕ್ಕೆ ಒಂದು ಕಡೆ ಮಾತ್ರ ಬಿಚ್ಚಿ, ಇಲ್ಲದಿದ್ದರೆ ಆಕ್ಸಲ್ ಹಿಂದೆ ಮುಂದೆ ಜಾರಿ ಇಡೀ ಸಂಜೆ ಅದನ್ನು ತಳ್ಳುವುದರಲ್ಲೇ ಕಳೆಯುತ್ತದೆ. ಹೊಸ ಕಟ್ಟು ಕೂರಿಸುವಾಗ ನಡುವಿನ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಇಳಿಯಬೇಕು. ಸ್ವಲ್ಪ ಹೊರಗೆ ಕೂತರೂ ಆಕ್ಸಲ್ ಓರೆಯಾಗುತ್ತದೆ, ಗಾಡಿ ಏಡಿ ನಡೆದ ಹಾಗೆ ನಡೆಯುತ್ತದೆ.

ಯು-ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಬೇಡಿ. ಒಂದು ಸಲ ಬಿಗಿಯಾಗಿ ಎಳೆದುಕೊಂಡ ಬೋಲ್ಟ್ ಅದು. ಹೊಸದು ಕಿಟ್‌ನಲ್ಲಿಲ್ಲದಿದ್ದರೆ ಕೇಳಿ ಪಡೆಯಿರಿ. ಸುತ್ತ ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ಗಾಳಿಯಲ್ಲಿದ್ದಾಗ ಪೂರ್ತಿ ಬಿಗಿ ಮಾಡಬೇಡಿ. ಕೈಬಿಗಿ ಸಾಕು. ಚಕ್ರ ನೆಲಕ್ಕೆ ಬಂದು ಗಾಡಿಯ ಭಾರ ಕೂತ ಮೇಲೆ ಟಾರ್ಕ್ ರೆಂಚ್ ಹಾಕಿ. ಮೇಲೆ ಇದ್ದಾಗಲೇ ಬಿಗಿ ಮಾಡಿದರೆ ಗಾಡಿ ಕೆಳಗಿಳಿದಾಗ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅಂಗಡಿಗಳಲ್ಲಿ ಆತುರಕ್ಕೆ ಬಿಟ್ಟುಬಿಡುವ ಕೆಲಸ ಇದೇ. ಇದೊಂದು ವಿಷಯದಲ್ಲಿ ಮನೆಯಲ್ಲಿ ಮಾಡುವವರ ಕೈ ಮೇಲು, ಯಾಕೆಂದರೆ ಅವರಿಗೆ ಮುಂದಿನ ಗಾಡಿ ಕಾಯುತ್ತಿರುವುದಿಲ್ಲ.

ಹಿಂದೆ ಎತ್ತರಕ್ಕೆ ಅಂತ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬರೀ ಲೋಹದ ಬ್ಲಾಕ್ ಇಡುವ ಅಗ್ಗದ ದಾರಿ ಇದೆ. ಬ್ಲಾಕ್ ಎತ್ತರವಾದಷ್ಟೂ ಆಕ್ಸಲ್ ತಿರುಚುವ ಬಲ ಸ್ಪ್ರಿಂಗ್ ಮೇಲೆ ಜಾಸ್ತಿ. ಹತ್ತುವಾಗ ಆಕ್ಸಲರೇಟರ್ ಒತ್ತಿದರೆ ಹಿಂದೆ ಕುಣಿಯುತ್ತದೆ. ನಿಮ್ಮ ತೋಟದ ಏರಿಗೆ ಇದು ಆಗಿಬರುವುದಿಲ್ಲ. ಬಾಗು ಜಾಸ್ತಿ ಇರುವ ಹೊಸ ಕಟ್ಟನ್ನೇ ತರಿಸಿ. ತರಿಸುವಾಗ ಭಾರದ ಲೆಕ್ಕ ಸರಿಯಾಗಿ ಹೇಳಿ. ಸದಾ 300 ಕೆ.ಜಿ. ಹೊರುವವರಿಗೆ ಮಾಡಿದ ಕಟ್ಟನ್ನು ಖಾಲಿ ಗಾಡಿಗೆ ಹಾಕಿಕೊಂಡು ಸಿಟಿಯಲ್ಲಿ ಓಡಿಸಿದರೆ ಸೊಂಟ ಹೋಗುತ್ತದೆ.

ಈಗ ಮುಂದಿನದ್ದು. ಇಲ್ಲಿ ಗೆರೆ ಎಳೆಯುತ್ತೇನೆ. ಕಾಯಿಲ್ ಸ್ಪ್ರಿಂಗನ್ನು ಶಾಕ್ ಅಬ್ಸಾರ್ಬರ್ ಸಮೇತ ಗಾಡಿಯಿಂದ ಇಳಿಸುವುದು ನಿಮ್ಮ ಕೈಲಾಗುತ್ತದೆ. ಮೇಲೆ ಸುತ್ತ ಇರುವ ನಟ್ಟುಗಳು, ಕೆಳಗೆ ಆರ್ಮಿನ ಬೋಲ್ಟ್, ಮಧ್ಯದಲ್ಲಿ ಸ್ಟೆಬಿಲೈಸರ್ ಲಿಂಕ್, ಮೇಲಿನ ಬಾಲ್ ಜಾಯಿಂಟ್. ಆದರೆ ಮೇಲೆ ನಟ್ಟನಡುವೆ ಒಂದೇ ಒಂದು ನಟ್ ಇರುತ್ತದೆ. ಅದನ್ನು ಮುಟ್ಟಬೇಡಿ. ಒಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿರುವುದು ಆ ನಟ್ಟಿನ ಆಸರೆಯಲ್ಲೇ. ಸ್ಪ್ರಿಂಗ್ ಅದುಮಿ ಹಿಡಿಯಲು ಬಾಡಿಗೆಗೆ ಸಿಗುವ ಎರಡು ಕೊಕ್ಕೆಯ ಕಂಪ್ರೆಸರ್ ಸಣ್ಣ ಕಾರಿಗೆ ಹೇಗೋ ಆಗುತ್ತದೆ. ಪಿಕಪ್ಪಿನ ದಪ್ಪ ಸ್ಪ್ರಿಂಗಿಗೆ ಕೊಕ್ಕೆ ಜಾರಿತೆಂದರೆ ಮುಖಕ್ಕೋ ಎದೆಗೋ ಬಡಿಯುತ್ತದೆ. ನಮ್ಮ ಪಕ್ಕದ ಶೆಡ್ಡಿನ ಶಟರಿನಲ್ಲಿ ಅಂಥ ಒಂದು ಸ್ಪ್ರಿಂಗ್ ಮಾಡಿದ ಗುಳಿ ಇನ್ನೂ ಇದೆ. ದೇವರು ದೊಡ್ಡವನು, ಆಗ ಅಲ್ಲಿ ಯಾರೂ ನಿಂತಿರಲಿಲ್ಲ.

ಹಾಗಾಗಿ ಎರಡೂ ಕಡೆಯ ಸ್ಪ್ರಿಂಗನ್ನು ಶಾಕ್ ಸಮೇತ ಇಳಿಸಿ ಗೂಡ್ಸ್ ಆಟೋದಲ್ಲೋ ಸ್ನೇಹಿತರ ಕಾರಿನಲ್ಲೋ ಹಾಕಿಕೊಂಡು, ಗೋಡೆಗೆ ಕೂರಿಸಿದ ದೊಡ್ಡ ಸ್ಪ್ರಿಂಗ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ಹೊಸ ಶಾಕ್, ಹೊಸ ಸ್ಪ್ರಿಂಗ್ ಜೋಡಿಸಿಕೊಡುತ್ತಾರೆ. ಪೂರ್ತಿ ಗಾಡಿ ಕೆಲಸಕ್ಕೆ ಹೋಲಿಸಿದರೆ ಕೂಲಿ ತೀರಾ ಕಡಿಮೆ. ಜೋಡಿಸಿಯೇ ಬರುವ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಬಾಲ್ ಜಾಯಿಂಟ್ ಬಿಚ್ಚಿದಾಗ ಚಕ್ರದ ಹಬ್ ಹೊರಗೆ ವಾಲುತ್ತದೆ, ಅದನ್ನು ತಂತಿಯಲ್ಲಿ ಕಟ್ಟಿ ನಿಲ್ಲಿಸಿ. ಸುಮ್ನೆ ಬಿಟ್ಟರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಎಳೆದುಕೊಂಡು ಕಳಚುತ್ತದೆ.

ಸ್ಪ್ರಿಂಗ್ ಬಿಚ್ಚುವುದೇ ಬೇಡ, ಮೇಲೆ ಒಂದು ಸ್ಪೇಸರ್, ಅಂದರೆ ದಪ್ಪ ಬಿಲ್ಲೆ, ಇಟ್ಟರೆ ಮುಗಿಯಿತು ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಶಾಕ್ ಕೂತಿರುವುದು ಆರ್ಮಿನ ನಡುವೆ, ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಮೇಲೆ ಒಂದು ಇಂಚಿನ ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಸುಮಾರು ಎರಡು ಇಂಚು ಆಗುತ್ತದೆ. ಗಾಡಿಯಿಂದ ಗಾಡಿಗೆ ಸ್ವಲ್ಪ ಹೆಚ್ಚು ಕಡಿಮೆ. ಇದು ಗೊತ್ತಿಲ್ಲದೆ ಎರಡು ಇಂಚಿನ ಸ್ಪೇಸರ್ ಹಾಕಿದವರ ಗಾಡಿ ನೋಡಿ, ಡ್ರೈವ್ ಶಾಫ್ಟ್ ಅಷ್ಟು ಓರೆಯಾಗಿರುತ್ತದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಎಲ್ಲ ರಿಮ್ಮಿನ ಮೇಲೆ. ಎರಡು ಇಂಚಿಗಿಂತ ಮೇಲೆ ಹೋಗಬೇಕೆಂದರೆ ಮೇಲಿನ ಆರ್ಮೂ ಬದಲಾಗಬೇಕು. ನಿಮಗೆ ಅಷ್ಟು ಎತ್ತರ ಯಾಕೆ ಬೇಕು ಹೇಳಿ?

ಎಲ್ಲ ಜೋಡಿಸಿದ ಮೇಲೆ ಅಲೈನ್‌ಮೆಂಟ್. ಎತ್ತರವಾದಾಗ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಕ್ಯಾಂಬರ್, ಅಂದರೆ ಚಕ್ರ ಒಳಗೋ ಹೊರಗೋ ವಾಲಿರುವ ಕೋನ, ಬದಲಾಗುತ್ತದೆ. ಕ್ಯಾಸ್ಟರ್ ಕಡಿಮೆಯಾದ ಗಾಡಿ ನೆಲಮಂಗಲ ದಾಟಿ ಹಾಸನದ ಹೆದ್ದಾರಿಯಲ್ಲಿ ಸ್ಪೀಡು ಹಿಡಿದಾಗ ನೆಟ್ಟಗೆ ಹೋಗುವುದಿಲ್ಲ. ಸ್ಟೀರಿಂಗ್ ಹಿಡಿದು ಸದಾ ತಿದ್ದುತ್ತಿರಬೇಕು. ರಸ್ತೆ ಬದಿಯ ಎಷ್ಟೋ ಅಂಗಡಿಗಳಲ್ಲಿ ಟೋ, ಅಂದರೆ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಅಳತೆ, ಅದೊಂದನ್ನೇ ಸರಿಮಾಡಿ "ಆಯ್ತು ಸಾರ್" ಅನ್ನುತ್ತಾರೆ. ಕ್ಯಾಸ್ಟರ್, ಕ್ಯಾಂಬರ್ ಅಂಕಿ ಇರುವ ಪ್ರಿಂಟ್ ಕೊಡುತ್ತೀರಾ ಅಂತ ಮೊದಲೇ ಕೇಳಿ. ಕೊಡುವ ಅಂಗಡಿ ಮನೆ ಹತ್ತಿರ ಯಾವುದಿದೆ ನೋಡಿಕೊಂಡು ಅಲ್ಲಿಗೆ ಮಾತ್ರ ನಿಧಾನವಾಗಿ ಓಡಿಸಿ. ಆ ಕೆಲಸ ಮುಗಿಯುವವರೆಗೆ ಹೆಚ್ಚು ಓಡಾಟ ಬೇಡ, ಟೈರು ಸವೆಯುತ್ತದೆ.

ಹೆಡ್‌ಲೈಟನ್ನೂ ಇಳಿಸಿಸಿ. ಮೂತಿ ಎತ್ತರವಾದರೆ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಎದುರು ಬರುವ ಬಸ್ ಡ್ರೈವರಿಗೆ ಕಣ್ಣು ಕತ್ತಲಾದರೆ ನಿಮಗೇ ಕಷ್ಟ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ ನೋಡಿ. ಹೊಸ ಲೀಫ್ ಕೂತುಕೊಂಡಾಗ ಅವು ಸಡಿಲವಾಗುತ್ತವೆ.

ಎರಡು ದಿನದಲ್ಲಿ ಆಗುತ್ತದಾ? ಹಿಂದಿನದ್ದು ಮಾತ್ರ ಒಂದು ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಲೀಫ್ ಸ್ಪ್ರಿಂಗಿನ ತುದಿಯಲ್ಲಿ ತುಕ್ಕು ಹಿಡಿದ ಶಾಕಲ್ ಬೋಲ್ಟ್ ಒಂದು ಅಲುಗಾಡದೆ ನಿಂತರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಒಂದು ವಾರ ಮೊದಲಿನಿಂದಲೇ ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿರಿ. ಸೋಮವಾರ ಬೆಳಗ್ಗೆ ಆಫೀಸಿಗೆ ಇದೇ ಗಾಡಿ ಬೇಕು ಅಂತಾದರೆ ಶುರು ಮಾಡಬೇಡಿ. ಆತುರದಲ್ಲಿ ಮೊದಲು ಮರೆತುಹೋಗುವುದು ಬ್ರೇಕ್ ಹೋಸಿನ ಕ್ಲಿಪ್.

ಪ್ರಶ್ನೆ: ಕೋಲಾರದಿಂದ ಟೊಮೆಟೊ ತರುವ ಸಣ್ಣ ಪಿಕಪ್ ನನ್ನದು. ಲೋಡ್ ಆದರೆ ಹಿಂದೆ ಕುಸಿಯುತ್ತದೆ. ಎರಡು ಲೀಫ್ ಜಾಸ್ತಿ ಹಾಕಿಸಿದರೆ ಸರಿಹೋಗುತ್ತಾ ಅಣ್ಣ?
– ಓದುಗರೊಬ್ಬರು, ಕೆ.ಆರ್. ಪುರ

ಉತ್ತರ: ಕುಸಿಯುವುದು ನಿಲ್ಲುತ್ತದೆ ತಮ್ಮಾ, ಬ್ರೇಕ್ ಜಾಸ್ತಿ ಆಗುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದೊಳಗೆ ಲೋಡ್ ಇದ್ದೂ ಕುಸಿಯುತ್ತಿದ್ದರೆ ಲೀಫ್ ಸತ್ತಿದೆ ಅಥವಾ ಒಂದು ಮುರಿದಿದೆ. ಕಟ್ಟು ಬಿಚ್ಚಿಸಿ ನೋಡಿ, ಕಂಪನಿ ಅಳತೆಯದ್ದನ್ನೇ ಹಾಕಿಸಿ. ತೂಕ ಮೀರಿ ತುಂಬುತ್ತಿದ್ದರೆ ಲೀಫ್ ಸೇರಿಸುವುದರಿಂದ ಆ ತೂಕಕ್ಕೆ ಅನುಮತಿ ಬರುವುದಿಲ್ಲ. ಓವರ್‌ಲೋಡ್ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಒಂದೊಂದು ಟನ್ನಿಗೆ ಇನ್ನೂ 2,000.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ, ಅದರ ಮೇಲೆ ಬ್ರೇಕಿನ ವಾಲ್ವ್. ಹಿಂದೆ ಕುಸಿದರೆ ಲೋಡ್ ಇದೆ ಅಂತ ತಿಳಿದು ಅದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಲೀಫ್ ಗಟ್ಟಿ ಮಾಡಿ ಗಾಡಿ ಕುಸಿಯದಿದ್ದರೆ ಅದರ ಲೆಕ್ಕಕ್ಕೆ ಗಾಡಿ ಖಾಲಿ. ತುಂಬಿದ ಗಾಡಿಗೆ ಹಿಂದೆ ಬ್ರೇಕ್ ಕಡಿಮೆ ಸಿಗುತ್ತದೆ. ಏನೇ ಬದಲಾಯಿಸಿದರೂ ಆ ಕಡ್ಡಿ ಸೆಟ್ ಮಾಡಿಸದೆ ಗ್ಯಾರೇಜಿನಿಂದ ಹೊರಡಬೇಡಿ. ಉತ್ತರಹಳ್ಳಿಯವರೂ ಇದನ್ನು ಓದಿಕೊಳ್ಳಿ, ನಿಮ್ಮ ಗಾಡಿಯ ಕೆಳಗೂ ಅಂಥದ್ದಿದೆಯಾ ನೋಡಿ.

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರು ನಾಲ್ಕು ಜನ ಕೂತರೆ ನಮ್ಮ ಕ್ರಾಸಿನ ಹಂಪಿಗೆ ತಗಲುತ್ತದೆ. ಸ್ಪ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಅಂಗಡಿಯಲ್ಲಿ ಸಿಗುತ್ತಲ್ಲ, ಅದನ್ನು ಹಾಕಬಹುದಾ?
– ಗೃಹಿಣಿ, ಬನಶಂಕರಿ

ಉತ್ತರ: ಹಾಕಬಹುದು ಮೇಡಂ, ನಾನು ಮಾತ್ರ ಹಾಕಿ ಅನ್ನುವುದಿಲ್ಲ. ಬಫರ್ ಸಿಕ್ಕಿಸಿದ ಕಡೆ ಸ್ಪ್ರಿಂಗಿನ ಸುತ್ತು ಅದುಮುವುದಿಲ್ಲ. ಉಳಿದ ಸುತ್ತುಗಳೇ ಎಲ್ಲ ಕೆಲಸ ಮಾಡಬೇಕು. ಕಾರು ಸ್ವಲ್ಪ ಎತ್ತರವಾಗುತ್ತದೆ ನಿಜ, ಜೊತೆಗೆ ಗಡುಸಾಗುತ್ತದೆ. ಒಬ್ಬರೇ ಓಡಿಸುವಾಗ ಸಣ್ಣ ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ. ಕಾರಿಗೆ ಏಳೆಂಟು ವರ್ಷ ದಾಟಿದ್ದರೆ ಮೊದಲು ಹಿಂದಿನ ಸ್ಪ್ರಿಂಗ್, ಶಾಕ್ ಎರಡನ್ನೂ ನೋಡಿಸಿ. ಡಿಕ್ಕಿಯಲ್ಲಿ ಏನೇನಿದೆ ಅಂತಲೂ ಒಂದು ಸಲ ತೆರೆದು ನೋಡಿ. ನಮ್ಮಲ್ಲಿಗೆ ಬರುವ ಎಷ್ಟೋ ಕಾರುಗಳಲ್ಲಿ ಅಕ್ಕಿ ಮೂಟೆ, ಹಳೇ ಪೇಪರ್, ತುಂಬಿದ ನೀರಿನ ಕ್ಯಾನ್ ಖಾಯಂ ಆಗಿ ಕೂತಿರುತ್ತವೆ. ಅವನ್ನೆಲ್ಲ ಇಳಿಸಿ, ಟೈರಿಗೆ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ಹಿಡಿಸಿ. ಆಮೇಲೆ ನಾಲ್ಕು ಜನ ಕೂತು ಅದೇ ಹಂಪ್ ದಾಟಿ ನೋಡಿ. ಆಗಲೂ ತಗಲಿದರೆ ಸ್ಪ್ರಿಂಗ್ ಬದಲಾಯಿಸುವ ಮಾತಾಡೋಣ.